ಎಷ್ಟು ಮೋಟರು, ಯಾವ ಚಕ್ರ: ವಿದ್ಯಾರ್ಥಿ ರೋಬೋಟಿಕ್ಸ್ ಸ್ಪರ್ಧೆಗಳಲ್ಲಿ ಚಾಲನಾ ಭಾಗಗಳ ನಿಯಮ

ವಿದ್ಯಾರ್ಥಿಗಳಿಗಾಗಿ ನಡೆಯುವ ರೋಬೋಟಿಕ್ಸ್ ಸ್ಪರ್ಧೆಗಳ ನಿಯಮ ಪುಸ್ತಕಗಳಲ್ಲಿ ಆಟದ ವಿವರ ಪ್ರತಿವರ್ಷ ಹೊಸದಾಗಿ ಬರುತ್ತದೆಯಾದರೂ, ರೋಬೋಟನ್ನು ಅಂಕಣದ ಮೇಲೆ ಓಡಾಡಿಸಲು ಯಾವ ಭಾಗಗಳನ್ನು ಬಳಸಬಹುದು ಎಂಬ ಅಧ್ಯಾಯ ಹಿಂದಿನ ವರ್ಷಗಳ ಅನುಭವದ ಮೇಲೆ ಪದರ ಪದರವಾಗಿ ಬೆಳೆದುಬಂದಿದೆ. ಮೋಟರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರುಪೆಟ್ಟಿಗೆ, ಚಕ್ರ, ಇವುಗಳನ್ನು ಜೋಡಿಸುವ ಸರಪಳಿ ಅಥವಾ ಬೆಲ್ಟು, ಇವೆಲ್ಲಕ್ಕೂ ಶಕ್ತಿ ಒದಗಿಸುವ ಬ್ಯಾಟರಿ, ಇಷ್ಟೂ ಸೇರಿ ಚಾಲನಾ ವ್ಯವಸ್ಥೆ ಎನಿಸಿಕೊಳ್ಳುತ್ತದೆ. ಸ್ಪರ್ಧೆಯ ಗೆಲುವು ಸೋಲುಗಳು ಬಹುಮಟ್ಟಿಗೆ ಈ ವ್ಯವಸ್ಥೆಯ ಚುರುಕುತನವನ್ನು ಅವಲಂಬಿಸಿರುವುದರಿಂದ, ನಿಯಮ ಸಡಿಲವಾದ ಕಡೆಯೆಲ್ಲ ತಂಡಗಳ ಹಣವೂ ಶ್ರಮವೂ ಮೊದಲು ಹರಿಯುವುದು ಇದರತ್ತಲೇ.

ಇಂಥ ನಿಯಮಗಳಿಗೆ ಸಾಮಾನ್ಯವಾಗಿ ಮೂರು ಸಮರ್ಥನೆಗಳನ್ನು ಕೊಡಲಾಗುತ್ತದೆ: ಉಳ್ಳವರ ಶಾಲೆಗೂ ಇಲ್ಲದವರ ಶಾಲೆಗೂ ನಡುವಿನ ಅಂತರ ತಗ್ಗಬೇಕು, ಮಕ್ಕಳಿಗೂ ಅಂಕಣಕ್ಕೂ ಅಪಾಯವಾಗಬಾರದು, ನಿಯಮ ಪಾಲನೆಯನ್ನು ಪಂದ್ಯಕ್ಕೆ ಮುನ್ನ ಕೆಲವೇ ನಿಮಿಷಗಳಲ್ಲಿ ಪರಿಶೀಲಿಸುವಂತಿರಬೇಕು. ಇವು ಮೂರೂ ನ್ಯಾಯವಾದವೇ. ಆದರೆ ಬೇರೆ ಬೇರೆ ಸ್ಪರ್ಧೆಗಳ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಾಲ್ಕನೆಯದೊಂದು ಪರಿಣಾಮ ಕಾಣುತ್ತದೆ: ಯಾವುದನ್ನು ಮಿತಿಗೊಳಿಸಲಾಗಿದೆಯೋ ಅದರ ಸುತ್ತಲೇ ವಿದ್ಯಾರ್ಥಿಯ ಯೋಚನೆ ಸುಳಿಯುವುದರಿಂದ, ಅನುಮತಿಸಿದ ಭಾಗಗಳ ಪಟ್ಟಿ ಆ ಸ್ಪರ್ಧೆಯ ನಿಜವಾದ ಪಠ್ಯಕ್ರಮವಾಗಿ ಕೆಲಸ ಮಾಡುತ್ತದೆ. ಯಾವ ನಿಯಮ ಏನನ್ನು ಕಲಿಸುತ್ತದೆ ಮತ್ತು ಅದಕ್ಕೆ ಯಾವ ಬೆಲೆ ತೆರಬೇಕಾಗುತ್ತದೆ ಎಂಬುದೇ ಈ ಸಮೀಕ್ಷೆಯ ವಿಷಯ.

ಹೆಸರಿನ ಪಟ್ಟಿ ಮತ್ತು ಅದರ ವಿಸ್ತಾರ

ಅನುಮತಿಸಿದ ಮೋಟರುಗಳನ್ನು ಹೆಸರಿಸಿ ಪಟ್ಟಿ ಮಾಡುವುದು ಹಳೆಯ ವಿಧಾನ. ಅಮೆರಿಕದಲ್ಲಿ ಡೀನ್ ಕಾಮೆನ್ 1989ರಲ್ಲಿ ಸ್ಥಾಪಿಸಿದ ಫಸ್ಟ್ ಸಂಸ್ಥೆಯ ಮೊದಲ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಮ್ಯಾಂಚೆಸ್ಟರಿನ ಪ್ರೌಢಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಂದಿಗೆ ನಡೆಯಿತು. ಮುಂದೆ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್ ಎಂದು ಹೆಸರಾದ ಈ ಸ್ಪರ್ಧೆಯ ಮೊದಲ ದಶಕಗಳಲ್ಲಿ ಸಂಘಟಕರು ಪ್ರತಿ ತಂಡಕ್ಕೂ ಒಂದೇ ಬಗೆಯ ಭಾಗಗಳ ಪೆಟ್ಟಿಗೆಯನ್ನು ಕೊಡುತ್ತಿದ್ದರು, ಮತ್ತು ಮೋಟರುಗಳ ಮಟ್ಟಿಗೆ ಆ ಪೆಟ್ಟಿಗೆಯೇ ಮಿತಿಯಾಗಿತ್ತು. ಕೈಡ್ರಿಲ್ಲಿನ ಮೋಟರು, ಕಾರಿನ ಕಿಟಕಿ ಗಾಜನ್ನು ಏರಿಳಿಸುವ ಮೋಟರು, ವ್ಯಾನಿನ ಜಾರುಬಾಗಿಲಿನ ಮೋಟರು, ಮಕ್ಕಳ ಆಟಿಕೆ ಕಾರಿನ ಮೋಟರು ಎಂಬಂತೆ ಬೇರೆ ಬೇರೆ ಕೆಲಸಕ್ಕೆಂದು ತಯಾರಾದ ವಸ್ತುಗಳು ಅದರಲ್ಲಿರುತ್ತಿದ್ದುದರಿಂದ, ಯಾವುದನ್ನು ಚಕ್ರಕ್ಕೆ ಕೊಡಬೇಕು, ಯಾವುದನ್ನು ತೋಳಿಗೆ ಉಳಿಸಿಕೊಳ್ಳಬೇಕು ಎಂಬ ಹಂಚಿಕೆಯೇ ವಿನ್ಯಾಸದ ಮೊದಲ ಪಾಠವಾಗಿತ್ತು. ಎರಡು ಬಗೆಯ ಮೋಟರುಗಳನ್ನು ಒಂದೇ ಗೇರುಪೆಟ್ಟಿಗೆಗೆ ಜೋಡಿಸಬೇಕಾದರೆ ಅವುಗಳ ವೇಗಗಳು ಹೊಂದುವಂತೆ ಗೇರಿನ ಹಲ್ಲುಗಳನ್ನು ಲೆಕ್ಕಹಾಕಬೇಕಾಗುತ್ತಿತ್ತು. ಕೊರತೆಯೇ ಇಲ್ಲಿ ಗಣಿತವನ್ನು ಕಲಿಸಿತು.

ಈ ಸ್ಪರ್ಧೆಯ ಚಾಲನಾ ವ್ಯವಸ್ಥೆಯಲ್ಲಿ ದೀರ್ಘಕಾಲ ನೆಲೆನಿಂತದ್ದು ಸಿಮ್ ಎಂದು ಕರೆಯಲ್ಪಡುವ 12 ವೋಲ್ಟಿನ ಮೋಟರು. ಭಾರವಿಲ್ಲದೆ ತಿರುಗುವಾಗ ಅದರ ವೇಗ ನಿಮಿಷಕ್ಕೆ ಸುಮಾರು 5,310 ಸುತ್ತು. ತಿರುಗದಂತೆ ಹಿಡಿದು ನಿಲ್ಲಿಸಿದಾಗ ಅದು ತೋರುವ ಟಾರ್ಕ್, ಅಂದರೆ ತಿರುಗಿಸುವ ಬಲ, 2.42 ನ್ಯೂಟನ್ ಮೀಟರ್. ಇಂಥ ಮೋಟರಿನ ಗರಿಷ್ಠ ಸಾಮರ್ಥ್ಯ ದೊರೆಯುವುದು ಮುಕ್ತ ವೇಗದ ಅರ್ಧದಲ್ಲಿ. ಆಗ ಟಾರ್ಕ್ ಕೂಡ ಅರ್ಧಕ್ಕಿಳಿದಿರುತ್ತದೆ, ಮತ್ತು ಆ ಎರಡರ ಗುಣಲಬ್ಧ ಸುಮಾರು 337 ವ್ಯಾಟ್. ಸುಮಾರು 1.3 ಕಿಲೋಗ್ರಾಂ ತೂಗುವ, ಮುಚ್ಚಿದ ಕವಚದ ಈ ಮೋಟರು ಅಡ್ಡಿಗೆ ಸಿಕ್ಕಿ ನಿಂತರೂ ಬೇಗನೆ ಸುಡುವುದಿಲ್ಲ. ಇದಕ್ಕೆ ಎದುರಾಗಿ, 2016ರ ಹೊತ್ತಿಗೆ ಪಟ್ಟಿ ಸೇರಿದ 775ಪ್ರೊ ಎಂಬ ಮೋಟರು ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚು ತೂಕದಲ್ಲಿ ಸಿಮ್‌ಗಿಂತಲೂ ತುಸು ಹೆಚ್ಚು ಸಾಮರ್ಥ್ಯ ಕೊಡುತ್ತಿತ್ತಾದರೂ, ಅದನ್ನು ತಂಪಾಗಿಡುವ ಪಂಖ ಅದರ ಅಕ್ಷಕ್ಕೇ ಅಂಟಿಕೊಂಡಿದ್ದುದರಿಂದ ಅಕ್ಷ ನಿಂತೊಡನೆ ಗಾಳಿಯೂ ನಿಂತು ಸುರುಳಿ ಕೆಲವೇ ಸೆಕೆಂಡುಗಳಲ್ಲಿ ಸುಟ್ಟುಹೋಗುವ ಸಂಭವವಿತ್ತು. ಎದುರಾಳಿಯನ್ನು ತಳ್ಳುತ್ತ ಆಗಾಗ ನಿಂತುಬಿಡುವ ಚಕ್ರಗಳಿಗೆ ಬಹುಪಾಲು ತಂಡಗಳು ಹಳೆಯ ಭಾರದ ಮೋಟರನ್ನೇ ಉಳಿಸಿಕೊಂಡದ್ದಕ್ಕೆ ಇದು ಕಾರಣ. ಪಟ್ಟಿ ಎರಡನ್ನೂ ಸಮಾನವಾಗಿ ಅನುಮತಿಸಿತ್ತು. ಅವುಗಳ ನಡುವಿನ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ವಿದ್ಯಾರ್ಥಿಯ ಪಾಲಿನ ಕೆಲಸವಾಗಿತ್ತು.

ಹೆಸರಿನ ಜೊತೆಗೆ ಸಂಖ್ಯೆಯೂ ಸೇರಿತು. 2013ರ ಸುಮಾರಿಗೆ ಒಂದು ರೋಬೋಟಿನಲ್ಲಿ ಆರಕ್ಕಿಂತ ಹೆಚ್ಚು ಸಿಮ್ ಮೋಟರುಗಳಿರಬಾರದು ಎಂಬ ಮಿತಿಯಿತ್ತು. ಆದರೆ ಪಟ್ಟಿಯ ವಿಧಾನಕ್ಕೆ ಮಾರುಕಟ್ಟೆಯೇ ದೊಡ್ಡ ಸವಾಲು. 2019ರ ಆಟದ ಋತುವಿಗೆ ನಿಯೊ ಎಂಬ ಬ್ರಷ್‌ರಹಿತ ಮೋಟರು, ಅಂದರೆ ಉಜ್ಜುವ ಇಂಗಾಲದ ತುಂಡುಗಳ ಬದಲು ವಿದ್ಯುನ್ಮಾನದಿಂದಲೇ ವಿದ್ಯುತ್ತಿನ ದಿಕ್ಕನ್ನು ಬದಲಿಸುವ ಮೋಟರು, ಪಟ್ಟಿ ಸೇರಿತು. ಸಿಮ್ ಕೂರುವ ಜಾಗದಲ್ಲೇ ಕೂರುವಂತೆ ರೂಪಿಸಿದ ಅದರ ತೂಕ ಸಿಮ್‌ನ ಮೂರನೆಯ ಒಂದು ಭಾಗ ಮಾತ್ರ. ಮರುವರ್ಷ ಫಾಲ್ಕನ್ 500, 2024ರ ಋತುವಿಗೆ ಕ್ರಾಕನ್ ಎಕ್ಸ್60 ಬಂದವು. ಪ್ರತಿ ಹೊಸ ಹೆಸರಿನೊಂದಿಗೆ, ಹಳೆಯ ಮೋಟರುಗಳನ್ನು ಕಪಾಟಿನಲ್ಲಿ ಕೂಡಿಟ್ಟುಕೊಂಡಿದ್ದ ತಂಡಗಳ ಉಳಿತಾಯ ಸವಕಲಾಯಿತು. ಎಲ್ಲರಿಗೂ ಅದೇ ಪಟ್ಟಿ ಎಂಬುದು ಕಾಗದದ ಮೇಲಿನ ಸಮಾನತೆಯನ್ನು ಉಳಿಸಿದರೂ, ಪಟ್ಟಿಯ ಕೊನೆಯ ಸಾಲಿನಲ್ಲಿರುವುದನ್ನು ಪ್ರತಿವರ್ಷ ಕೊಳ್ಳಬಲ್ಲವರಿಗೂ ಕೊಳ್ಳಲಾರದವರಿಗೂ ನಡುವಿನ ಅಂತರವನ್ನು ಅದು ತಡೆಯಲಾರದು.

ಬ್ಯಾಟರಿ ಎಂಬ ಮೌನ ಮಿತಿ

ಮೋಟರುಗಳ ಎಣಿಕೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಬ್ಯಾಟರಿ ಹಿನ್ನೆಲೆಗೆ ಸರಿದುಬಿಡುವುದುಂಟು. ಆರು ಸಿಮ್ ಮೋಟರುಗಳ ಗರಿಷ್ಠ ಸಾಮರ್ಥ್ಯ ಒಟ್ಟಾರೆ ಎರಡು ಸಾವಿರ ವ್ಯಾಟ್ ದಾಟುತ್ತದೆ; ಅಷ್ಟನ್ನೂ ಏಕಕಾಲಕ್ಕೆ ಹೊರಡಿಸಬೇಕಾದರೆ ಅವು ಸುಮಾರು 400 ಆಂಪಿಯರ್ ವಿದ್ಯುತ್ತನ್ನು ಕೇಳುತ್ತವೆ. ಆದರೆ ಈ ಸ್ಪರ್ಧೆಯ ರೋಬೋಟಿಗೆ ಸಿಗುವುದು 18 ಆಂಪಿಯರ್ ಗಂಟೆಯ ಆಸುಪಾಸಿನ ಒಂದು 12 ವೋಲ್ಟ್ ಸೀಸ ಆಮ್ಲ ಬ್ಯಾಟರಿ. ಅದರ ದಾರಿಯಲ್ಲಿ 120 ಆಂಪಿಯರಿನ ಒಂದು ಮುಖ್ಯ ಬ್ರೇಕರು, ಪ್ರತಿ ದೊಡ್ಡ ಮೋಟರಿನ ಕವಲಿನಲ್ಲಿ ಹೆಚ್ಚೆಂದರೆ 40 ಆಂಪಿಯರಿನ ಒಂದು ಬ್ರೇಕರು ಇರುತ್ತವೆ. ಇವು ಶಾಖದಿಂದ ಕಳಚಿಕೊಳ್ಳುವ ಬ್ರೇಕರುಗಳಾದ್ದರಿಂದ ಕ್ಷಣಕಾಲದ ಅತಿಭಾರವನ್ನು ಸಹಿಸಿಕೊಳ್ಳುತ್ತವೆ. ಆದರೆ ಹಾಗೆ ಸೆಳೆದಷ್ಟೂ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ. 2015ರಿಂದ ಬಳಕೆಗೆ ಬಂದ ರೋಬೊರಿಯೊ ಎಂಬ ನಿಯಂತ್ರಕದ ಮೊದಲ ಆವೃತ್ತಿಯು ವೋಲ್ಟೇಜು 6.3ಕ್ಕೆ ಇಳಿದೊಡನೆ ತನ್ನನ್ನು ಕಾಪಾಡಿಕೊಳ್ಳಲು ಮೋಟರುಗಳ ಆಜ್ಞೆಯನ್ನೇ ಕಡಿದುಬಿಡುತ್ತದೆ. ಹೀಗೆ, ಎಷ್ಟು ಮೋಟರು ಎಂಬ ಪ್ರಶ್ನೆಗೆ ನಿಯಮ ಪುಸ್ತಕ ಉತ್ತರಿಸುವ ಮೊದಲೇ ಬ್ಯಾಟರಿ ಒಂದು ಉತ್ತರವನ್ನು ಕೊಟ್ಟಿರುತ್ತದೆ, ಮತ್ತು ತಂತ್ರಾಂಶದಲ್ಲಿ ಪ್ರತಿ ಮೋಟರಿನ ವಿದ್ಯುತ್ತಿಗೆ ಮಿತಿ ಹಾಕಿಕೊಳ್ಳುವ ತಂಡವು ಹಾಗೆ ಮಾಡದ ತಂಡಕ್ಕಿಂತ ಪಂದ್ಯದ ಕೊನೆಯಲ್ಲಿ ಚುರುಕಾಗಿರುತ್ತದೆ.

ಚಕ್ರ ಮತ್ತು ನೆಲದ ನಡುವಿನ ಘರ್ಷಣೆಯೂ ಇಂಥದೇ ಇನ್ನೊಂದು ಮಿತಿ. ರೋಬೋಟು ಎಷ್ಟು ಬಲದಿಂದ ತಳ್ಳಬಲ್ಲದು ಎಂಬುದು ಅದರ ತೂಕವನ್ನೂ ಘರ್ಷಣೆಯನ್ನೂ ಅವಲಂಬಿಸಿದೆ. ಆ ಬಲವನ್ನು ಮೀರಿದರೆ ಚಕ್ರ ಜಾರುತ್ತದೆಯೇ ಹೊರತು ರೋಬೋಟು ಮುಂದೆ ಹೋಗುವುದಿಲ್ಲ. ಹೆಚ್ಚುವರಿ ಮೋಟರುಗಳು ತಳ್ಳುವ ಬಲವನ್ನು ಈ ಗಡಿಯಾಚೆಗೆ ಒಯ್ಯಲಾರವು. ಅದೇ ಬಲವನ್ನು ಹೆಚ್ಚು ವೇಗದಲ್ಲಿಯೂ ಕಾಯ್ದುಕೊಳ್ಳುವಂತೆ ಮಾಡಬಲ್ಲವು ಅಷ್ಟೆ. ಆದ್ದರಿಂದಲೇ ಚಕ್ರದ ಮೇಲ್ಮೈ ಕೂಡ ನಿಯಮದ ವ್ಯಾಪ್ತಿಗೆ ಬರುತ್ತದೆ: ಲೋಹದ ಹಲ್ಲು, ಮರಳುಕಾಗದ, ಮೊಳೆಗಳಂಥ ಅಂಕಣದ ಹಾಸನ್ನು ಕೆಡಿಸುವ ಹಿಡಿತಗಳಿಗೆ ನಿಷೇಧವಿದೆ. ಈ ವಿಷಯದಲ್ಲಿ 2009ರ ಲೂನಸಿ ಎಂಬ ಆಟ ಒಂದು ವಿಶಿಷ್ಟ ಪ್ರಯೋಗ. ಮನುಷ್ಯ ಚಂದ್ರನ ಮೇಲೆ ಇಳಿದು 40 ವರ್ಷ ತುಂಬಿದ ನೆನಪಿಗೆ ರೂಪಿಸಿದ ಆ ಆಟದಲ್ಲಿ ಅಂಕಣಕ್ಕೆ ನುಣುಪಾದ ಹಲಗೆ ಹಾಸಿ, ಎಲ್ಲ ತಂಡಗಳೂ ಒಂದೇ ಬಗೆಯ ಜಾರುವ ಚಕ್ರವನ್ನು ಯಾವ ಮಾರ್ಪಾಡೂ ಇಲ್ಲದೆ ಬಳಸಬೇಕೆಂದು ವಿಧಿಸಲಾಯಿತು. ಮೋಟರಿನ ಸಾಮರ್ಥ್ಯಕ್ಕೆ ಬೆಲೆಯೇ ಇಲ್ಲದಂತಾದಾಗ ಕೆಲವು ತಂಡಗಳು ಚಕ್ರ ಜಾರುತ್ತಿರುವುದನ್ನು ಗ್ರಹಿಸಿ ವೇಗವನ್ನು ತಗ್ಗಿಸುವ ತಂತ್ರಾಂಶದತ್ತ ತಿರುಗಿದವು, ಕೆಲವು ಗಾಳಿ ದಬ್ಬುವ ಪಂಖಗಳನ್ನೇ ಕಟ್ಟಿಕೊಂಡವು. ಒಂದೇ ಒಂದು ಭಾಗವನ್ನು ಕಟ್ಟುನಿಟ್ಟು ಮಾಡಿದ ನಿಯಮ ಆ ವರ್ಷದ ಪಾಠವನ್ನೇ ಬದಲಿಸಿತು.

ಎಣಿಕೆಯ ಮಿತಿ, ಕಿಟ್ಟಿನ ಮಿತಿ

ಕಿರಿಯರ ಸ್ಪರ್ಧೆಗಳಲ್ಲಿ ನಿಯಮ ಇನ್ನೂ ಸರಳ. ಫಸ್ಟ್ ಲೆಗೊ ಲೀಗಿನಲ್ಲಿ ರೋಬೋಟನ್ನು ಲೆಗೊ ಕಂಪನಿ ತಯಾರಿಸಿದ ಭಾಗಗಳಿಂದಲೇ, ಅವು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಕಟ್ಟಬೇಕು. ದಾರ ಮತ್ತು ಕೊಳವೆಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದೆಂಬುದು ಹೆಸರಿಸಿ ಹೇಳಿದ ವಿನಾಯಿತಿ. ಮೋಟರುಗಳು ನಾಲ್ಕನ್ನು ಮೀರುವಂತಿಲ್ಲ. ಎರಡು ಮೋಟರು ಚಕ್ರಗಳಿಗೆ ಹೋದರೆ ಉಳಿದ ಎರಡರಿಂದ ಹತ್ತಾರು ಕೆಲಸಗಳನ್ನು ಮಾಡಿಸಬೇಕಾದ ಮಗುವಿಗೆ ಸನ್ನೆಕೋಲು, ರಬ್ಬರು ಪಟ್ಟಿ, ಭಾರದ ಬೀಳುವಿಕೆ ಮುಂತಾದ ವಿದ್ಯುತ್ತಿಲ್ಲದ ಉಪಾಯಗಳು ತಾವಾಗಿ ಹೊಳೆಯುತ್ತವೆ.

ಪ್ರೌಢಶಾಲೆಯ ವಯಸ್ಸಿನವರಿಗಾಗಿ ಇರುವ ಫಸ್ಟ್ ಟೆಕ್ ಚಾಲೆಂಜಿನಲ್ಲಿ ಅನುಮತಿಸಿದ ಮೋಟರುಗಳ ಪಟ್ಟಿಯೊಂದಿಗೆ ಒಟ್ಟು ಎಂಟು ಮೋಟರುಗಳ ಮಿತಿಯಿದೆ. ಇಲ್ಲಿ ಗಮನಾರ್ಹವಾದದ್ದು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಯಾಂತ್ರಿಕ ಭಾಗಗಳ ಬಗೆಗಿನ ನಿಯಮ: ಅಂಥ ಭಾಗಕ್ಕೆ ಸಾಮಾನ್ಯವಾಗಿ ಒಂದೇ ಚಲನ ಸ್ವಾತಂತ್ರ್ಯವಿರಬೇಕು, ಅಂದರೆ ಅದು ಒಂದೇ ಅಕ್ಷದ ಸುತ್ತ ತಿರುಗುವುದೋ ಒಂದೇ ರೇಖೆಯಲ್ಲಿ ಜಾರುವುದೋ ಆಗಿರಬೇಕು. ಗೇರು, ಬೇರಿಂಗು, ಚಕ್ರ ಇವುಗಳನ್ನು ಕೊಳ್ಳಬಹುದು. ಅವುಗಳಿಂದ ಬಹುಚಲನೆಯ ಯಂತ್ರವನ್ನು ಕಟ್ಟುವುದು ವಿದ್ಯಾರ್ಥಿಯ ಕೆಲಸವಾಗಿ ಉಳಿಯಲಿ ಎಂಬುದು ಇದರ ಆಶಯ. ಆದರೆ ಓಮ್ನಿ ಚಕ್ರ ಮತ್ತು ಮೆಕಾನಮ್ ಚಕ್ರಗಳು ಈ ಅಳತೆಗೆ ಸಿಗುವುದಿಲ್ಲ. ಸ್ವೀಡನ್ನಿನ ಬೆಂಗ್ಟ್ ಇಲೊನ್ 1970ರ ದಶಕದಲ್ಲಿ ರೂಪಿಸಿದ ಮೆಕಾನಮ್ ಚಕ್ರದ ಅಂಚಿನಲ್ಲಿ 45 ಡಿಗ್ರಿ ಓರೆಯಾಗಿ ಕೂತ ಉರುಳೆಗಳು ತಾವೇ ಬೇರೆಯಾಗಿ ತಿರುಗುತ್ತವೆ. ಆದ್ದರಿಂದ ನಾಲ್ಕು ಚಕ್ರಗಳ ವೇಗ ಮತ್ತು ದಿಕ್ಕುಗಳನ್ನು ಹೊಂದಿಸಿ ರೋಬೋಟನ್ನು ಮುಖ ತಿರುಗಿಸದೆಯೇ ಪಕ್ಕಕ್ಕೆ ಸರಿಸಬಹುದು. ಒಂದು ಚಕ್ರದೊಳಗೇ ಎರಡು ಚಲನೆಗಳಿರುವುದರಿಂದ ಇವುಗಳಿಗೆ ಹೆಸರು ಹೇಳಿ ವಿನಾಯಿತಿ ಕೊಡಬೇಕಾಯಿತು. ತತ್ತ್ವದ ಮೇಲೆ ನಿಂತ ನಿಯಮಕ್ಕೂ ಕೊನೆಗೆ ಒಂದು ಪಟ್ಟಿಯ ಆಸರೆ ಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಎಣಿಕೆಯ ನಿಯಮಕ್ಕೆ ತನ್ನದೇ ಆದ ಪಕ್ಷಪಾತವೂ ಇದೆ. ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್ ಇತ್ತೀಚಿನ ವರ್ಷಗಳಲ್ಲಿ ರೋಬೋಟನ್ನು ನೆಲದ ಮೇಲೆ ಮುಂದೊತ್ತುವ ಮೋಟರುಗಳು ನಾಲ್ಕನ್ನು ಮೀರಬಾರದೆಂದು ವಿಧಿಸಿತು. ಚಕ್ರದ ದಿಕ್ಕನ್ನಷ್ಟೇ ಬದಲಿಸುವ ಮೋಟರುಗಳು ಈ ಎಣಿಕೆಗೆ ಸೇರುವುದಿಲ್ಲ. ಇದರಿಂದ ಎರಡು ಬದಿಗೂ ಮೂರು ಮೂರು ಮೋಟರು ಕಟ್ಟಿ ಬಲ ಹೆಚ್ಚಿಸಿಕೊಳ್ಳುವ ಸರಳ ಹಳೆಯ ವಿನ್ಯಾಸಕ್ಕೆ ಬಾಗಿಲು ಮುಚ್ಚಿತು. ಅದೇ ವೇಳೆ, ಪ್ರತಿ ಮೂಲೆಯಲ್ಲೂ ಉರುಳಿಸಲು ಒಂದು, ದಿಕ್ಕು ತಿರುಗಿಸಲು ಇನ್ನೊಂದು ಎಂದು ಒಟ್ಟು ಎಂಟು ಮೋಟರು ಬೇಡುವ ಸ್ವರ್ವ್ ಎಂಬ ವಿನ್ಯಾಸ ಯಾವ ತೊಡಕೂ ಇಲ್ಲದೆ ಉಳಿಯಿತು. ಸ್ವರ್ವ್ ಘಟಕಗಳು ಈಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಒಂದು ಕಾಲದಲ್ಲಿ ಕೆಲವೇ ತಂಡಗಳು ವರ್ಷಗಟ್ಟಲೆ ದುಡಿದು ಸಾಧಿಸುತ್ತಿದ್ದುದನ್ನು ಹಣವಿದ್ದರೆ ಯಾರೂ ಜೋಡಿಸಿಕೊಳ್ಳಬಹುದಾಗಿದೆ. ಇದರಿಂದ ಯಾಂತ್ರಿಕ ಕೌಶಲದ ಪಾಲು ಕುಗ್ಗಿತೆಂದು ಕೆಲವರು ವಾದಿಸಿದರೆ, ಕಾರ್ಯಾಗಾರವಿಲ್ಲದ ಶಾಲೆಗೂ ಮೇಲಿನ ಹಂತದ ತಂತ್ರಾಂಶ ಕಲಿಯುವ ಅವಕಾಶ ದೊರೆಯಿತೆಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ನಿಜ, ಸ್ಪರ್ಧೆ ಏನನ್ನು ಕಲಿಸಲು ಬಯಸುತ್ತದೆ ಎಂಬುದನ್ನು ಮೊದಲು ತೀರ್ಮಾನಿಸದೆ ಇವುಗಳ ನಡುವೆ ಆಯ್ಕೆ ಮಾಡಲಾಗದು.

ವ್ಯಾಟ್‌ನ ಲೆಕ್ಕ

ಎಣಿಕೆಯ ಬದಲು ಸಾಮರ್ಥ್ಯವನ್ನೇ ಅಳೆಯುವ ದಾರಿಯನ್ನು ಹಿಡಿದದ್ದು ವೆಕ್ಸ್ ವಿ5 ಸ್ಪರ್ಧೆ. ಮೊದಲು ಅಲ್ಲಿ ಎಂಟು ಮೋಟರುಗಳ ಮಿತಿಯಿತ್ತು. 2023–24ರ ಋತುವಿನಲ್ಲಿ 11 ವ್ಯಾಟಿನ ಮೋಟರಿನ ಜೊತೆಗೆ 5.5 ವ್ಯಾಟಿನ ಚಿಕ್ಕ ಮೋಟರಿಗೂ ಅವಕಾಶ ಕೊಟ್ಟು, ರೋಬೋಟಿನ ಎಲ್ಲ ಮೋಟರುಗಳ ಒಟ್ಟು ಸಾಮರ್ಥ್ಯ 88 ವ್ಯಾಟ್ ಮೀರಬಾರದೆಂದು ಬದಲಿಸಲಾಯಿತು. ಆಗ ಹಲವು ತಂಡಗಳು ಆರು ದೊಡ್ಡ ಮೋಟರುಗಳನ್ನು, ಅಂದರೆ 66 ವ್ಯಾಟನ್ನು, ಚಕ್ರಗಳಿಗೇ ಕೊಟ್ಟು ವೇಗದ ಪೈಪೋಟಿಗೆ ಇಳಿದವು. 2025–26ರಲ್ಲಿ ಚಾಲನಾ ವ್ಯವಸ್ಥೆಗೆ ಪ್ರತ್ಯೇಕವಾಗಿ 55 ವ್ಯಾಟಿನ ಮಿತಿ ಬಂದಿತು.

ಈ 55 ಎಂಬ ಸಂಖ್ಯೆ ಹುಟ್ಟಿಸಿದ ಲೆಕ್ಕ ಗಮನಿಸತಕ್ಕದ್ದು. ಐದು ದೊಡ್ಡ ಮೋಟರುಗಳನ್ನು ಹಾಕಿದರೆ ಮಿತಿ ಸರಿಯಾಗಿ ತುಂಬುತ್ತದೆ, ಆದರೆ ಐದನ್ನು ಎಡ ಬಲಗಳಿಗೆ ಸಮನಾಗಿ ಹಂಚಲಾಗುವುದಿಲ್ಲ. ಒಂದು ಬದಿಗೆ ಬಲ ಹೆಚ್ಚಾದ ರೋಬೋಟು ನೇರ ಓಡುವುದು ಕಷ್ಟ. ನಾಲ್ಕು ದೊಡ್ಡ ಮೋಟರುಗಳಲ್ಲಿ ನಿಂತರೆ 11 ವ್ಯಾಟ್ ಬಳಕೆಯಾಗದೆ ಉಳಿಯುತ್ತದೆ. ಪ್ರತಿ ಬದಿಗೂ ಎರಡು ದೊಡ್ಡ, ಒಂದು ಚಿಕ್ಕ ಮೋಟರು ಕೊಟ್ಟರೆ ಬದಿಗೆ 27.5ರಂತೆ ಒಟ್ಟು 55 ಆಗುತ್ತದೆ. ಆದರೆ ದೊಡ್ಡ ಮೋಟರಿನೊಳಗೆ 100, 200, 600 ಸುತ್ತುಗಳ ಮೂರು ಗೇರುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಾದರೆ ಚಿಕ್ಕದಕ್ಕೆ ಆ ಅನುಕೂಲವಿಲ್ಲದ್ದರಿಂದ, ಎರಡರ ವೇಗವನ್ನೂ ಹೊರಗಿನ ಗೇರುಗಳಿಂದ ಹೊಂದಿಸಬೇಕು. ಮೂವತ್ತು ವರ್ಷಗಳ ಹಿಂದೆ ಡ್ರಿಲ್ ಮೋಟರು ಕಿಟಕಿ ಮೋಟರುಗಳ ನಡುವೆ ವಿದ್ಯಾರ್ಥಿಗಳು ಮಾಡುತ್ತಿದ್ದ ಲೆಕ್ಕವೇ ಇಲ್ಲಿ ಶಿಸ್ತಾದ ರೂಪದಲ್ಲಿ ಮರಳಿದೆ.

ವ್ಯಾಟ್‌ನ ನಿಯಮ ನ್ಯಾಯಕ್ಕೆ ಹೆಚ್ಚು ಹತ್ತಿರವಾದರೂ ಅದು ನಿಂತಿರುವುದು ಒಂದು ಪೂರ್ವಶರತ್ತಿನ ಮೇಲೆ. ಮೋಟರಿನ ನಿಜವಾದ ಸಾಮರ್ಥ್ಯವನ್ನು ತಪಾಸಣೆಯ ಮೇಜಿನ ಮೇಲೆ ಅಳೆಯಲಾಗುವುದಿಲ್ಲ. ವೆಕ್ಸ್ ಮೋಟರಿನೊಳಗಿನ ಪುಟ್ಟ ನಿಯಂತ್ರಕವೇ ವಿದ್ಯುತ್ತನ್ನೂ ಹೊರಸಾಮರ್ಥ್ಯವನ್ನೂ ಮಿತಿಯಲ್ಲಿಡುವುದರಿಂದ, ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಿ ಕೂಡಿಸಿದರೆ ಸಾಕಾಗುತ್ತದೆ. ಆದರೆ ಹಾಗೆ ನಂಬಬಹುದಾದದ್ದು ಮೋಟರುಗಳೆಲ್ಲ ಒಬ್ಬನೇ ತಯಾರಕನಿಂದ, ಬಿಚ್ಚಬಾರದ ಪೆಟ್ಟಿಗೆಯಾಗಿ ಬರುವುದರಿಂದ. ಅಂದರೆ ಇಲ್ಲಿ ಅಳೆಯಬಲ್ಲ ಸಮಾನತೆಗೆ ತೆರುವ ಬೆಲೆ ಒಂದೇ ಕಂಪನಿಯ ಮೇಲಿನ ಅವಲಂಬನೆ, ಮತ್ತು ಆ ಕಂಪನಿಯ ಬೆಲೆಪಟ್ಟಿಯನ್ನು ಒಪ್ಪಿಕೊಳ್ಳುವುದು. ಈ ದಾರಿಯ ತುತ್ತತುದಿಯಲ್ಲಿ ರೋಬೊಕಪ್ ಕೂಟದ ಸ್ಟ್ಯಾಂಡರ್ಡ್ ಪ್ಲಾಟ್‌ಫಾರ್ಮ್ ಲೀಗ್ ಇದೆ: ಮೊದಲು ಸೋನಿ ಕಂಪನಿಯ ಐಬೊ ನಾಯಿಯನ್ನು, 2008ರಿಂದ ನಾವೊ ಎಂಬ ಮಾನವರೂಪಿ ರೋಬೋಟನ್ನು ಎಲ್ಲ ತಂಡಗಳೂ ಬಳಸುತ್ತ ಬಂದ ಆ ಲೀಗಿನಲ್ಲಿ ಯಂತ್ರಭಾಗಗಳ ಪೈಪೋಟಿಗೆ ಅವಕಾಶವೇ ಇರಲಿಲ್ಲ, ಸ್ಪರ್ಧೆಯೆಲ್ಲ ತಂತ್ರಾಂಶದ ನಡುವೆಯೇ ನಡೆಯಿತು.

ತೆರೆದ ನಿಯಮ, ಮತ್ತು ರಚನೆಯ ನಿಯಮ

ಇದಕ್ಕೆ ಪೂರ್ತಿ ವಿರುದ್ಧವಾದ ಮಾದರಿ 2002ರಲ್ಲಿ ಟೋಕಿಯೊದಲ್ಲಿ ಆರಂಭವಾದ, ಕಾಲೇಜು ವಿದ್ಯಾರ್ಥಿಗಳ ಎಬಿಯು ರೋಬೋಕಾನ್. ಭಾರತದಲ್ಲಿ ದೂರದರ್ಶನದ ಮೂಲಕ ಪರಿಚಿತವಾದ ಈ ಸ್ಪರ್ಧೆಯ ಅಂತಿಮ ಹಂತ 2008 ಮತ್ತು 2014ರಲ್ಲಿ ಪುಣೆಯಲ್ಲಿ ನಡೆದಿತ್ತು. 2008ರ ಆಟ ಮೊಸರುಕುಡಿಕೆ ಒಡೆಯುವ ಆಚರಣೆಯನ್ನೇ ಆಧರಿಸಿತ್ತು. ರೋಬೋಕಾನ್ ನಿಯಮಗಳು ಮೋಟರನ್ನು ಹೆಸರಿಸುವುದಿಲ್ಲ, ಎಣಿಸುವುದೂ ಇಲ್ಲ. ಬ್ಯಾಟರಿಯ ವೋಲ್ಟೇಜು, ಸಂಕುಚಿತ ಗಾಳಿಯ ಒತ್ತಡ, ಒಟ್ಟು ತೂಕ, ಹೊರ ಅಳತೆ ಇವುಗಳಿಗೆ ಗಡಿ ಹಾಕಿ ಒಳಗಿನದನ್ನು ತಂಡಕ್ಕೆ ಬಿಡುತ್ತವೆ. ಬ್ಯಾಟರಿಗೆ ಸಾಮಾನ್ಯವಾಗಿ ಇರುವ ಮಿತಿ 24 ವೋಲ್ಟ್. ಇಂಥ ನಿಯಮದಡಿಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಸಿಗುವ ಗೇರು ಮೋಟರಿಗೂ ಹೊರದೇಶದ ದುಬಾರಿ ಮೋಟರಿಗೂ ಒಂದೇ ಅಂಕಣದಲ್ಲಿ ಜಾಗವಿದೆ. ಚಕ್ರವನ್ನು ತಾವೇ ಲೇತಿನಲ್ಲಿ ಕಡೆದುಕೊಳ್ಳುವ ವಿದ್ಯಾರ್ಥಿ ಇಲ್ಲಿ ನಷ್ಟಕ್ಕೆ ಒಳಗಾಗುವುದಿಲ್ಲ. ಆದರೆ ಹೆಚ್ಚು ಹಣವಿರುವ ಕಾಲೇಜನ್ನು ತಡೆಯುವುದೂ ಏನಿಲ್ಲ.

ಮೋಟರಿನ ಬಲವನ್ನು ಬಿಟ್ಟು ರಚನೆಯನ್ನೇ ನಿರ್ದೇಶಿಸುವ ನಿಯಮಕ್ಕೆ ವರ್ಲ್ಡ್ ರೋಬೋಟ್ ಒಲಿಂಪಿಯಾಡಿನ ಫ್ಯೂಚರ್ ಎಂಜಿನಿಯರ್ಸ್ ವಿಭಾಗ ಒಳ್ಳೆಯ ಉದಾಹರಣೆ. 2004ರಿಂದ ನಡೆಯುತ್ತಿರುವ, 2016ರಲ್ಲಿ ನವದೆಹಲಿಯಲ್ಲಿ ಅಂತಿಮ ಸುತ್ತು ಕಂಡ ಈ ಒಲಿಂಪಿಯಾಡಿನ ಈ ವಿಭಾಗದಲ್ಲಿ ಸ್ವಯಂಚಾಲಿತ ಪುಟ್ಟ ಕಾರನ್ನು ಯಾವ ಕಂಪನಿಯ ಭಾಗಗಳಿಂದ ಬೇಕಾದರೂ ಕಟ್ಟಬಹುದು; ಆದರೆ ಅದಕ್ಕೆ ನಾಲ್ಕು ಚಕ್ರ, ಒಂದು ಚಾಲಕ ಅಚ್ಚು, ದಿಕ್ಕು ತಿರುಗಿಸುವ ಒಂದು ಪ್ರತ್ಯೇಕ ಸಾಧನ ಇರಲೇಬೇಕು. ಎಡ ಬಲ ಚಕ್ರಗಳನ್ನು ಬೇರೆ ಬೇರೆ ಮೋಟರುಗಳಿಂದ ಓಡಿಸಿ, ವೇಗದ ವ್ಯತ್ಯಾಸದಿಂದಲೇ ತಿರುಗುವ ಸುಲಭ ವಿಧಾನಕ್ಕೆ ನಿಷೇಧವಿದೆ. ಆ ಒಂದು ನಿಷೇಧದಿಂದಾಗಿ ನಿಂತಲ್ಲೇ ತಿರುಗಲಾಗದ ನಿಜವಾದ ಕಾರಿನ ಎಲ್ಲ ತೊಡಕುಗಳೂ ವಿದ್ಯಾರ್ಥಿಯ ಮುಂದೆ ಬರುತ್ತವೆ: ತಿರುವಿನ ತ್ರಿಜ್ಯ, ಒಳಚಕ್ರ ಹೊರಚಕ್ರಗಳ ಕೋನಭೇದ, ಇಕ್ಕಟ್ಟಾದ ಜಾಗದಲ್ಲಿ ಹಿಂದೆ ಮುಂದೆ ಸರಿಸಿ ನಿಲ್ಲಿಸುವುದು. ಬ್ರ್ಯಾಂಡಿಗೆ ಸ್ವಾತಂತ್ರ್ಯ ಕೊಟ್ಟು ರಚನೆಯನ್ನು ಬಿಗಿಹಿಡಿಯುವ ಈ ವಿಧಾನ, ರಚನೆಗೆ ಸ್ವಾತಂತ್ರ್ಯ ಕೊಟ್ಟು ಬ್ರ್ಯಾಂಡನ್ನು ಬಿಗಿಹಿಡಿಯುವ ಲೆಗೊ ಲೀಗಿನ ನೇರ ವಿಲೋಮ.

ಬೆಲೆಯ ಪ್ರಶ್ನೆ ಮತ್ತು ತೀರ್ಮಾನ

ಭಾರತದ ಶಾಲೆಗಳ ದೃಷ್ಟಿಯಿಂದ ಈ ವ್ಯತ್ಯಾಸ ಬರಿಯ ತಾತ್ತ್ವಿಕವಾದುದಲ್ಲ. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ನಿನಡಿ ಆಯ್ಕೆಯಾದ ಶಾಲೆಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಕ್ಕಾಗಿ 20 ಲಕ್ಷ ರೂಪಾಯಿಯವರೆಗೆ ಅನುದಾನ ದೊರೆಯುತ್ತದೆ. ಆ ಹಣ ಉಪಕರಣಗಳಿಗೂ ಹಲವು ವರ್ಷಗಳ ನಿರ್ವಹಣೆಗೂ ಒದಗಬೇಕು. ಹೆಸರಿಸಿದ ವಿದೇಶಿ ಮೋಟರುಗಳನ್ನೇ ಬೇಡುವ ಸ್ಪರ್ಧೆಗೆ ಹೋಗುವ ಶಾಲೆ ಮೋಟರಿನ ಬೆಲೆಯ ಮೇಲೆ ಸಾಗಣೆ ಮತ್ತು ಆಮದು ಸುಂಕವನ್ನೂ ತೆರಬೇಕು, ಸುಟ್ಟುಹೋದ ಒಂದು ಮೋಟರಿಗೆ ಬದಲಿ ಬರುವವರೆಗೆ ಕಾಯಬೇಕು. ತಯಾರಕನ ಊರಿನಲ್ಲಿ ಸಮಾನತೆಗೆಂದು ಮಾಡಿದ ಪಟ್ಟಿ ದೂರದ ಊರಿನಲ್ಲಿ ಅಸಮಾನತೆಗೆ ಕಾರಣವಾಗುವುದು ಹೀಗೆ. ಬಾಂಬೆ ಐಐಟಿಯ ಇ-ಯಂತ್ರ ಸ್ಪರ್ಧೆಯು ಆಯ್ಕೆಯಾದ ತಂಡಗಳಿಗೆ ಒಂದೇ ಬಗೆಯ ರೋಬೋಟನ್ನು ತಾನೇ ಒದಗಿಸಿ ಈ ತೊಡಕನ್ನು ಬೇರೆ ರೀತಿಯಲ್ಲಿ ನಿವಾರಿಸಿತು: ಪಟ್ಟಿ ಮಾಡಿದವನೇ ಪಟ್ಟಿಯ ಖರ್ಚನ್ನು ಹೊತ್ತಾಗ ಒಂದೇ ಕಿಟ್ಟಿನ ನಿಯಮ ತನ್ನ ಮಾತನ್ನು ಉಳಿಸಿಕೊಳ್ಳುತ್ತದೆ.

ಈ ಎಲ್ಲ ಮಾದರಿಗಳನ್ನು ತೂಗಿ ನೋಡಿದಾಗ, ಒಂದೇ ನಿಯಮದಿಂದ ಖರ್ಚಿನ ಸಮಾನತೆ, ಸುರಕ್ಷತೆ, ತಪಾಸಣೆಯ ಸುಲಭತೆ ಮೂರನ್ನೂ ಸಾಧಿಸಹೊರಟ ಕಡೆಯಲ್ಲೆಲ್ಲ ನಿಯಮ ಪುಸ್ತಕ ವಿನಾಯಿತಿಗಳಿಂದ ದಪ್ಪವಾಗಿರುವುದು ಕಂಡುಬರುತ್ತದೆ. ಸುರಕ್ಷತೆಗೆ ಬ್ಯಾಟರಿ, ಬ್ರೇಕರು ಮತ್ತು ತೂಕದ ಮಿತಿಗಳೇ ಬಹುಮಟ್ಟಿಗೆ ಸಾಕು, ಮತ್ತು ಅವುಗಳನ್ನು ಕಣ್ಣಿನಿಂದಲೋ ತಕ್ಕಡಿಯಿಂದಲೋ ಪರಿಶೀಲಿಸಬಹುದು. ಖರ್ಚಿನ ಸಮಾನತೆಯನ್ನು ಹೆಸರಿನ ಪಟ್ಟಿಯಿಂದ ಸಾಧಿಸಬೇಕೆಂದರೆ, ಆ ಪಟ್ಟಿ ಹಲವು ವರ್ಷ ಸ್ಥಿರವಾಗಿರಬೇಕು ಅಥವಾ ಅದರ ಭಾಗಗಳನ್ನು ಸಂಘಟಕರೇ ಒದಗಿಸಬೇಕು. ಉಳಿದದ್ದು ಕಲಿಕೆಯ ಪ್ರಶ್ನೆ, ಮತ್ತು ಚಾಲನಾ ಭಾಗಗಳ ನಿಯಮದ ನಿಜವಾದ ಕೆಲಸ ಇರುವುದು ಅಲ್ಲಿಯೇ. ಹಂಚಿಕೆಯ ವಿವೇಕವನ್ನು ಕಲಿಸಬೇಕಾದರೆ ಒಟ್ಟು ವ್ಯಾಟನ್ನು ಮಿತಿಗೊಳಿಸಬೇಕು. ಸರಳ ಯಂತ್ರಗಳ ಉಪಾಯವನ್ನು ಕಲಿಸಬೇಕಾದರೆ ಮೋಟರಿನ ಎಣಿಕೆಯನ್ನು ಕಡಿಮೆ ಮಾಡಬೇಕು. ವಾಹನದ ಚಲನಶಾಸ್ತ್ರವನ್ನು ಕಲಿಸಬೇಕಾದರೆ ರಚನೆಯನ್ನು ನಿರ್ದೇಶಿಸಬೇಕು. ಬಿಡಿಭಾಗಗಳನ್ನು ತಾವೇ ಮಾಡಿಕೊಳ್ಳುವ ಕೈಚಳಕ ಬೆಳೆಯಬೇಕಾದರೆ ಹೊರಗಡಿಗಳನ್ನಷ್ಟೇ ಹಾಕಿ ಒಳಗನ್ನು ಬಿಡಬೇಕು. ಹೊಸ ಸ್ಪರ್ಧೆಯೊಂದನ್ನು ರೂಪಿಸುವವರು ಬೇರೆಡೆಯ ನಿಯಮ ಪುಸ್ತಕವನ್ನು ಹಾಗೆಯೇ ಎತ್ತಿಕೊಳ್ಳುವ ಮೊದಲು, ತಮ್ಮ ವಿದ್ಯಾರ್ಥಿಗಳು ಯಾವ ಲೆಕ್ಕವನ್ನು ಮಾಡುತ್ತ ಕೂರಬೇಕೆಂಬುದನ್ನು ತೀರ್ಮಾನಿಸಿಕೊಳ್ಳುವುದು ಒಳಿತು. ಅದು ತೀರ್ಮಾನವಾದರೆ ಯಾವ ಭಾಗಕ್ಕೆ ಅನುಮತಿ, ಯಾವುದಕ್ಕೆ ನಿಷೇಧ ಎಂಬುದು ಅದರಿಂದಲೇ ಹೊರಡುತ್ತದೆ.